ಟ್ರ್ಯಾಕ್ಟರಿಗೆ ಕಾವು

ಕ್ಯಾಲ್ಯುಮೆಟ್, ಮಿಷಿಗನ್
ಜನವರಿ 19

ಪ್ರೀತಿಯ ಲುಸಿಲ್,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಅರಿಜೋನಾದ ಬಿಸಿಲಲ್ಲಿ ತೋಳು ಮಡಚಿ ಕೂತವಳಿಗೆ ನನ್ನ ಗೋಳು ಹೇಗೆ ತಿಳಿಸಲಿ? ಬೆರಳಿಗೆ ಹಿಡಿದ ಎಂಜಿನ್ ಆಯಿಲ್ ವಾಸನೆ ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿಲ್ಲ.

ಎಲ್ಲ ಆ ಹಾಳು ಟ್ರ್ಯಾಕ್ಟರಿನಿಂದ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವಾಗ ಬಹಳ ಸಾಧು. ಮುಂದೆ ಹಿಮ ತಳ್ಳುವ ಹಲಗೆ ಕಟ್ಟಿದೊಡನೆ ಮೊಂಡು ಹಿಡಿಯುತ್ತದೆ. ನಮ್ಮ ಮನೆಯಿಂದ ರಸ್ತೆಗೆ ಎಷ್ಟು ದೂರ ಅಂತ ನಿನಗೆ ಗೊತ್ತಲ್ಲ. ಬಾಡಿಗೆಗೆ ಹಿಮ ತೆಗೆಯುವವನು ಮಧ್ಯಾಹ್ನಕ್ಕೆ ಮೊದಲು ಈ ಕಡೆ ತಲೆ ಹಾಕುವುದಿಲ್ಲ. ರೈನೊನನ್ನು ವಾರಕ್ಕೆ ಮೂರು ಸಲ ಬೆಳಗ್ಗೆಯೇ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ನನ್ನ ಗಂಡ ಉಳಿದಿರುವುದೇ ಅದರಿಂದ.

ಪಕ್ಕದ ಮನೆಯ ಆರ್ವಿಲ್ ಬಂದು ನೋಡಿ ನಕ್ಕ. "ಬೇಸಿಗೆ ಆಯಿಲ್ ಹಾಕಿ ಈ ಚಳೀಲಿ ಓಡು ಅಂದ್ರೆ ಹೆಂಗೆ ಓಡತ್ತೆ, ಆರ್ಡಿತ್? ಒಳಗೆ ಜೇನುತುಪ್ಪದ ಥರ ಆಗಿರತ್ತೆ" ಅಂದ. ತೆಳು ಆಯಿಲ್ ಹಾಕಿದೆ. ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿದೆ. ಸಂಜೆ ಬ್ಯಾಟರಿ ಬಿಚ್ಚಿ ತಂದು ಅಡುಗೆಮನೆಯಲ್ಲಿ ಬ್ರೆಡ್ಡಿನ ಡಬ್ಬಿಯ ಪಕ್ಕ ಇಡುತ್ತೇನೆ, ಕೂಸನ್ನು ಮಲಗಿಸಿದ ಹಾಗೆ. ಎಂಜಿನ್ ತಳಕ್ಕೆ ಅಂಟಿಸಿ ರಾತ್ರಿಯಿಡೀ ಕಾವು ಕೊಡುವ ಸಣ್ಣ ಹೀಟರ್ ಕೂಡ ತಂದೆ.

ಆದರೂ ಕೆಲವು ದಿನ ಬೆಳಗ್ಗೆ ಅದು ಕೆಮ್ಮುವುದೂ ಇಲ್ಲ. ಹೋಗಿ ನೋಡಿದರೆ ಹೀಟರಿನ ಪ್ಲಗ್ ಕಳಚಿ ಬಿದ್ದಿರುತ್ತದೆ. ಸಾಕೆಟ್ ಸಡಿಲ ಎಂದುಕೊಂಡು, ಅದನ್ನು ಕೂರಿಸಿಕೊಟ್ಟ ಆರ್ವಿಲ್‌ಗೆ ಬಾಯಿಗೆ ಬಂದಂತೆ ಅಂದೆ. ಅವನು ಹೊಸದು ಹಾಕಿಕೊಟ್ಟ. ಅದರಲ್ಲೂ ಪ್ಲಗ್ ನಿಲ್ಲಲಿಲ್ಲ. ಈ ತಿಂಗಳಲ್ಲೇ ಎರಡು ಸಲ ಡಯಾಲಿಸಿಸ್ ತಪ್ಪಿತು. ರೈನೊನ ಕಾಲು ಊದಿಕೊಂಡಿದೆ, ನಾಲ್ಕು ಹೆಜ್ಜೆಗೆ ಏದುಸಿರು. ಆಸ್ಪತ್ರೆಯ ನರ್ಸ್ ಫೋನಿನಲ್ಲಿ ನನಗೆ ಗದರಿದಳು. ಇವನಾದರೋ ಇಸ್ಪೀಟಿನ ಒಂದಾಟ ತಪ್ಪಿತೆಂಬಂತೆ, ಹೋಗಲಿ ಬಿಡು, ಮುಂದಿನ ಸಲ ಹೋದರಾಯಿತು ಎನ್ನುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಆ ಟ್ರ್ಯಾಕ್ಟರಿನ ಚಕ್ರಕ್ಕೆ ಒದ್ದು ಹೆಬ್ಬೆರಳು ನೀಲಿ ಮಾಡಿಕೊಂಡೆ.

ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳಿಗೆ ನನ್ನ ಮುತ್ತು ಕೊಡು. ನೀವೆಲ್ಲ ಬೆಚ್ಚಗೆ, ನೆಮ್ಮದಿಯಾಗಿರಿ. ದೇವರು ನಿಮ್ಮನ್ನು ಕಾಯಲಿ.

ನಿನ್ನ
ಆರ್ಡಿತ್

ಮರೆತ ಮಾತಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ನಿನ್ನೆ ಸಂಜೆ ಸೌನಾದ ಬಿಸಿ ಉಗಿಕೋಣೆಯಲ್ಲಿ ಬೆವರಿ ಹೊರಗೆ ಬಂದಾಗ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನಲ್ಲಿ ದೀಪವಿತ್ತು. ರೈನೊ ಗೋಡೆ ಹಿಡಿದು ಬಗ್ಗಿ ಪ್ಲಗ್ ಕೀಳುತ್ತಿದ್ದ. ನನ್ನನ್ನು ಕಂಡು ಬಚ್ಚಿಡಲೂ ಹೋಗಲಿಲ್ಲ.

"ಡಯಾಲಿಸಿಸ್ಸಿನ ಆ ಕುರ್ಚೀಲಿ ಕೂತು ಕೂತು ಸಾಕಾಗಿದೆ ಕಣೇ" ಅಂದ. "ಇನ್ನು ಬೇಡ ಅಂತ ನಿನ್ನೆದುರು ಹೇಳೋಕೆ ಬಾಯಿ ಬರಲಿಲ್ಲ. ದಾರಿ ಮುಚ್ಚಿದ್ರೆ ನೀನೇ ಸುಮ್ನಾಗ್ತೀಯ ಅಂದ್ಕೊಂಡೆ."

ಅವನ ಕೈಯಿಂದ ಕಿತ್ತುಕೊಂಡು ಪ್ಲಗ್ ಮತ್ತೆ ಸಿಕ್ಕಿಸಿದೆ. ಇವತ್ತು ಬೆಳಗ್ಗೆ ಟ್ರ್ಯಾಕ್ಟರ್ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ರಸ್ತೆಯವರೆಗೂ ಹಿಮ ತಳ್ಳಿದೆ, ಕಾರು ಬೆಚ್ಚಗೆ ಮಾಡಿದೆ, ಅವನ ಕೋಟು ಹಿಡಿದು ಬಾಗಿಲಲ್ಲಿ ನಿಂತೆ. ಅವನು ಮೇಜಿನ ಮುಂದಿಂದ ಏಳಲಿಲ್ಲ.