ವಾಸ್ದುರಿಯ ಹರಕೆ ಗಡ್ಡ

ಗುರುವಾರ

ಯಜಮಾನರಾದ ವಾಸ್ದುರಿಯವರಿಗೆ ಸಲಾಂ.

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಶನಿವಾರ ನಿಮ್ಮ ದೋಣಿಯ ತಳದ ಮೀನಿನ ಉಗ್ರಾಣ ತೊಳೆಯಲು ತೆರೆಯುತ್ತಾರೆ, ಮೊದಲು ಇಳಿಯುವವರು ನೀವೇ ಎಂದು ಗೊತ್ತಾಗಿದೆ. ಅದಕ್ಕೇ ಈ ಕಾಗದ.

ಸುದ್ದಿ ತಂದವನು ನಿಮ್ಮ ಇಂಜಿನ್ ನೋಡಿಕೊಳ್ಳುವ ದಾರ್ಕುಮ್. ಈರುಳ್ಳಿ ಕೊಳ್ಳಲು ಬ್ರೆಬೆಸ್ ಊರಿಗೆ ಬಂದವನು ನಿನ್ನೆ ನಾನಿದ್ದ ನಮ್ಮಕ್ಕನ ಮನೆಗೂ ಬಂದಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ. “ಅತ್ತಿಗೆ, ಬಂದರಿನವರು ಬೆನ್ನಿಗೆ ಕಟ್ಕೊಳ್ಳೋ ಗಾಳಿ ಸಿಲಿಂಡರ್ ಕೊಡ್ಸಿದ್ದಾರೆ. ಎಲ್ರಿಗೂ ಮಾಸ್ಕು ಸರಿಯಾಗಿ ಕೂತ್ಕೊಳ್ತು. ನಮ್ಮ ಯಜಮಾನ್ರಿಗೆ ಮಾತ್ರ ಆ ಮೇಕೆ ಗಡ್ಡದ ಸಂದಿಯಿಂದ ಪುಸ್ ಪುಸ್ ಅಂತ ಸೋರುತ್ತೆ! ಕೊಬ್ಬರಿ ಎಣ್ಣೆ ಮೆತ್ಕೊಂಡು, ಈಗ ಸೋರಲ್ಲ ನೋಡ್ರೋ ಅಂತಾರೆ.” ನನಗೆ ನಗು ಬರಲಿಲ್ಲ. “ನೋಡ್ಕೊಂಡು ಸುಮ್ನಿದ್ರಾ?” ಎಂದು ಕೇಳಿದರೆ, “ದೋಣಿ ಯಜಮಾನ್ರಿಗೆ ಹೇಳೋರ್ಯಾರು ಅತ್ತಿಗೆ” ಎಂದು ತಲೆ ಕೆರೆದುಕೊಂಡ.

ನನ್ನ ತಮ್ಮ ರೋಖಿಮ್ ಸತ್ತದ್ದು ಅದೇ ಉಗ್ರಾಣದಲ್ಲಿ. ಕೊಳೆತ ಮೀನಿನ ನೀರಿನಿಂದ ವಿಷಗಾಳಿ ಎದ್ದಿತ್ತು. ಮೊದಲು ನಾತ ಹೊಡೆಯಿತು, ಆಮೇಲೆ ಮೂಗಿಗೆ ನಾತವೇ ತಿಳಿಯಲಿಲ್ಲ. ಗಾಳಿ ಸರಿಹೋಯಿತೆಂದುಕೊಂಡು ಅವನು ಏಣಿ ಇಳಿದ. ಬಣ್ಣ ಹೊಡೆಯುವವರ ಮಾಸ್ಕು ಕಟ್ಟಿಕೊಂಡು ನೀವು ಅವನ ಹಿಂದೆಯೇ ಇಳಿದಿರಿ. ಅವನನ್ನು ತರಲಾಗಲಿಲ್ಲ, ನಿಮ್ಮನ್ನೇ ಹಗ್ಗ ಹಾಕಿ ಎಳೆದರು. ಅದಕ್ಕಾಗಿ ನಾನು ಮನೆ ಬಿಡಲಿಲ್ಲ. ತಿಂಗಳೊಳಗೆ ಅದೇ ಮಾಸ್ಕಿನಲ್ಲಿ ಮತ್ತೆ ಇಳಿದಿರಲ್ಲ, ಅದಕ್ಕೆ ಬಿಟ್ಟೆ. ಅದು ಗಾಳಿ ಸೋಸುತ್ತದೆ ಅಷ್ಟೆ, ಇಲ್ಲದ ಗಾಳಿಯನ್ನು ಹುಟ್ಟಿಸುವುದಿಲ್ಲ ಎಂದು ಬಾಯಿ ಬಡಿದುಕೊಂಡೆ. “ನನ್ ಉಸಿರು ಗಟ್ಟಿ ಕಣೆ” ಎಂದಿರಿ.

ನಾನು ಹೊರಟ ದಿನವೇ ಮಸೀದಿಯಲ್ಲಿ ನಿಂತು, ಹೆಂಡತಿ ಮನೆಗೆ ಬರುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಹರಕೆ ಹೊತ್ತಿರಂತೆ. ಹತ್ತು ಬಡವರಿಗೆ ಊಟ ಹಾಕಿ ಹರಕೆ ಕಳಚಿಕೊಳ್ಳಿ ಎಂದು ಇಮಾಮರೇ ಹೇಳಿದರೂ ಕೇಳಲಿಲ್ಲವಂತೆ. “ನೂರು ಜನಕ್ಕೆ ಹಾಕ್ತೀನಿ. ತಾರ್ಸಿ ಬರ್ದೇ ಬ್ಲೇಡ್ ಮಾತ್ರ ಮುಟ್ಟಲ್ಲ” ಎಂದಿರಂತೆ. ಅದನ್ನು ಕೇಳಿ ಅಳು ಬಂತು. ಕಪಾಳಕ್ಕೆರಡು ಬಿಡಬೇಕೆಂದೂ ಅನ್ನಿಸಿತು.

ಮಾಸ್ಕಿನ ರಬ್ಬರು ಬರೀ ಚರ್ಮದ ಮೇಲೆ ಕೂರಬೇಕು. ಸೋರಿದರೆ ಸಿಲಿಂಡರು ಬೇಗ ಬರಿದಾಗುತ್ತದೆ. ಗಾಬರಿಯಲ್ಲಿ ಜೋರಾಗಿ ಉಸಿರೆಳೆದರೆ ಹೊರಗಿನ ವಿಷ ಒಳಕ್ಕೆ ಬರುತ್ತದೆ. ಎಣ್ಣೆಯಿಂದ ಏನೂ ಆಗುವುದಿಲ್ಲ. ಮೊದಲು ವಿಷಗಾಳಿ ಅಳೆಯುವ ಯಂತ್ರ ಇಳಿಬಿಟ್ಟು ಒಳಗಿನ ಗಾಳಿ ನೋಡಿ. ದಾರ್ಕುಮ್ ಮೇಲೆ ಹಗ್ಗ ಹಿಡಿದು ನಿಲ್ಲಲಿ, ಅವನ ಬೆನ್ನಿಗೂ ಸಿಲಿಂಡರ್ ಇರಲಿ. ಗಾಳಿ ಮುಗಿಯುತ್ತ ಬಂತೆಂದು ಸಿಲಿಂಡರಿನ ಎಚ್ಚರಿಕೆಯ ಸೀಟಿ ಕೂಗಿದರೆ ಇನ್ನೊಂದೇ ಬುಟ್ಟಿ ಬಾಕಿಯಿದೆ ಎನ್ನಬೇಡಿ, ಮೇಲೆ ಬಂದುಬಿಡಿ. ಆ ಗಡ್ಡ ಇಟ್ಟುಕೊಂಡು ಮಾತ್ರ ನೀವು ಇಳಿಯಕೂಡದು. ಇಳಿಯಲು ಹೊರಟರೆ ಬಂದರಿನವರೆಲ್ಲರ ಎದುರು ನಿಮ್ಮ ಏಣಿ ಎತ್ತಿ ಕಡಲಿಗೆಸೆಯುತ್ತೇನೆ. ಜನ ಏನಾದರೂ ಅಂದುಕೊಳ್ಳಲಿ. ತಮ್ಮನನ್ನು ಮಣ್ಣು ಮಾಡಿದ್ದಾಯಿತು, ಇನ್ನೊಬ್ಬರನ್ನು ಮಾಡಲು ನನ್ನಿಂದಾಗದು.

ಇನ್ನೂ ಸಿಟ್ಟಿನಲ್ಲೇ ಇರುವ
ತಾರ್ಸಿ

ತಾ.ಕ.: ಇದನ್ನು ಬ್ರೆಬೆಸ್‌ನಲ್ಲಿ ಕೂತು ಬರೆದದ್ದಲ್ಲ. ಬೆಳಗಿನ ಬಸ್ಸಿಗೆ ಬಂದೆ. ನಮ್ಮದೇ ಅಡುಗೆಮನೆಯಲ್ಲಿ ಬರೆದು ಪಕ್ಕದ ಮನೆಯವಳ ಕೈಲಿ ಬಂದರಿಗೆ ಕಳಿಸುತ್ತಿದ್ದೇನೆ. ಎದುರಿಗೆ ಬಂದರೆ ನಿಮ್ಮ ಮುಖ ನೋಡಿ ಬೈಗುಳವೆಲ್ಲ ಮರೆತುಹೋಗುತ್ತದೆಂದು ಮೊದಲೇ ಬರೆದಿಟ್ಟೆ. ನಿಮ್ಮ ಹರಕೆ ತೀರಿತು, ಮನೆಗೆ ಬನ್ನಿ. ಬ್ಲೇಡು ನಾನೇ ಹಿಡಿಯುತ್ತೇನೆ, ಅಲುಗಾಡದೆ ಕೂತರೆ ಸಾಕು.