ಸಣ್ಣಿಯ ಒದ್ದೆ ಜಡೆ

ಕಿರುಕಟ್ಟೆ, ಅಘನಾಶಿನಿ ಅಳಿವೆ
ಕ್ರಿಸ್ತಶಕ ೨೨೧೯, ಬಳಚು ಬಲಿಯುವ ತಿಂಗಳು, ದೊಡ್ಡ ಇಳಿತದ ದಿನ

ದೇವಕಜ್ಜಿಗೆ ಬೀರಮ್ಮನ ನಮಸ್ಕಾರ.

ನೀವಿನ್ನೂ ಮೂವತ್ತು ದಾಟದ ಹೆಂಗಸು, ನನಗೆ ಐವತ್ತೆರಡು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ, ನಿಮ್ಮಿಂದ ನಮ್ಮವರೆಗೆ ಏಳು ತಲೆಮಾರು. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತು ಸಿಕ್ಕರೆ ಕ್ಷಮಿಸಿ, ಕಡಲು ಒಳಗೆ ಬಂದ ಮೇಲೆ ಹುಟ್ಟಿದ ಮಾತುಗಳವು. ಕಡಲು ದೂರಕ್ಕೆ ಸರಿಯುವ ದೊಡ್ಡ ಇಳಿತದ ದಿನ ನೀರು ಹಿಂದಿನ ಕಾಲಕ್ಕೂ ಹರಿಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಹಾಗಾಗಿ ಈ ಪತ್ರವನ್ನು ಶಂಖದೊಳಗೆ ತುರುಕಿ ನೀರಿಗೆ ಬಿಡುತ್ತಿದ್ದೇನೆ.

ನೀವು ಕೆಸರಲ್ಲಿ ಕೈಯಾಡಿಸಿ ಬಳಚಿನ ಚಿಪ್ಪು ಆರಿಸುವ ದಿಬ್ಬ ಈಗ ಎಂಟು ಆಳು ನೀರಿನಡಿ ಇದೆ. ನಮ್ಮ ಮನೆಗಳು ಕಂಬಗಳ ಮೇಲೆ. ಉಪ್ಪುನೀರಿಗೆ ಜಗ್ಗದ ನಿಮ್ಮ ಗಜನಿಗದ್ದೆಯ ಕಗ್ಗ ಭತ್ತವನ್ನು ನಾವು ತೇಲುಗದ್ದೆಯಲ್ಲಿ ಬೆಳೆಯುತ್ತೇವೆ. ಬಿದಿರಿನ ತಟ್ಟಿಗಳ ಮೇಲೆ ಕೆಸರು ಹರಡಿದ ಗದ್ದೆಯದು. ಗಾಳಿ ಬಂದರೆ ಪಕ್ಕದ ಮನೆಯವರ ಪೈರು ನಮ್ಮ ಜಗುಲಿಗೆ ಬಂದು ನಿಲ್ಲುತ್ತದೆ. ಮಧ್ಯಾಹ್ನ ಕಗ್ಗದ ಗಂಜಿ, ಸುಟ್ಟ ಮೀನು. ಊರಿನ ಸುತ್ತ ಒಂದು ಕಟ್ಟ, ಕಟ್ಟಕ್ಕೆ ಒಂದು ಬಾಗಿಲು. ಈಗಿನ ಕಡಲು ಹೊತ್ತುಗೊತ್ತಿಲ್ಲದೆ ಏರುತ್ತದೆ, ಏರುವ ಮೊದಲೇ ಆ ಬಾಗಿಲು ಹಾಕಬೇಕು, ತಡವಾದರೆ ಊರಿಲ್ಲ.

ನನ್ನ ತಂಗಿ ಸಣ್ಣಿಗೆ ಏಳು ವರ್ಷವಿದ್ದಾಗ ಒಂದು ಮಧ್ಯಾಹ್ನ, ಗಂಜಿ ಉಣ್ಣುತ್ತಿರುವಾಗಲೇ ಅವಳ ಜಡೆಯಿಂದ ನೀರು ತೊಟ್ಟಿಕ್ಕತೊಡಗಿತು. ಅವ್ವ ಬೈದು ಒರೆಸಿದಳು, ಮತ್ತೆ ಒದ್ದೆಯಾಯಿತು. ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಎರಡು ತಾಸಿಗೆ ಕಡಲು ಏರಿ ಬಂತು. ನೀರಿನಡಿಯಲ್ಲಿ ಕಡಲಕ್ಕ ತನ್ನ ತಂಗಿಯ ತಲೆ ಬಾಚುತ್ತಾಳೆ, ಅವಳ ಕೈ ಯಾವಾಗಲೋ ಒಮ್ಮೆ ನಮ್ಮ ಹುಡುಗಿಯರ ತಲೆಗೂ ತಾಗುತ್ತದೆ ಎಂದು ಮುದುಕಿಯರು ಹೇಳುತ್ತಿದ್ದರು. ಅಂದಿನಿಂದ ಸಣ್ಣಿ ಊರಿನ ನೀರ್ಗಾವಲಿ ಆದಳು. ಬಾಗಿಲ ಬಳಿಯ ಕಟ್ಟೆಯೇ ಅವಳ ಜಾಗ. ಹೊಸ ಸೀರೆ, ಮೊದಲ ಮೀನು ಅವಳಿಗೆ. ಆಟ, ಈಜು, ಓಡಾಟ ಮಾತ್ರ ಇಲ್ಲ. ಜಡೆಯಿಂದ ಬಿದ್ದ ನೀರನ್ನು ಚಿಪ್ಪಿನಲ್ಲಿ ಹಿಡಿದು ಅಳೆಯುವ ಕೆಲಸ ನನ್ನದು. ಎಷ್ಟು ಚಿಪ್ಪು ತುಂಬಿತು ಎಂದು ನಾನು ಕೂಗಿ ಹೇಳಿದರೆ ಜನ ದೋಣಿಗಳನ್ನು ಕಂಬಕ್ಕೆ ಕಟ್ಟಿ ಬಾಗಿಲು ಹಾಕುತ್ತಿದ್ದರು. ನನಗದು ಹೆಮ್ಮೆಯಾಗಿತ್ತು, ಅಜ್ಜಿ. ಸುಳ್ಳು ಹೇಳಲಾರೆ.

ಇಪ್ಪತ್ತಮೂರಕ್ಕೆ ಅವಳ ಕುತ್ತಿಗೆ ಬಾಗಿತ್ತು. ವರ್ಷವಿಡೀ ಕೆಮ್ಮು. ಒಣನಾಡಿನಿಂದ, ಎಂದರೆ ಘಟ್ಟದಾಚೆಯಿಂದ, ಮಡಕೆ ಮಾರಲು ಬಂದ ಹೆಂಗಸೊಬ್ಬಳು ಅವಳ ಕೈಗೆ ಒಂದು ಹಿಡಿ ಹಸಿಮಣ್ಣು ಕೊಟ್ಟು ಹೋಗಿದ್ದಳು. ಸಣ್ಣಿ ಅದನ್ನು ದಿನಗಟ್ಟಲೆ ನಾದಿದಳು.

"ಅಕ್ಕಾ, ಮಣ್ಣು ನಾವು ಮಾಡಿದ ಹಾಗೇ ನಿಲ್ತದೆ ನೋಡು, ನೀರಿನ ಹಾಗಲ್ಲ," ಎಂದಳು. "ನಾ ಆ ಹೆಂಗಸಿನ ಊರಿಗೆ ಹೋತೆ."

"ಮುನ್ನೂರು ಜನ ನಿನ್ನ ಜಡೆ ನಂಬ್ಕಂಡು ಮಲಗ್ತಾರೆ ಸಣ್ಣಿ."

"ಗೊತ್ತದೆ. ನಾ ಮಲಗಿ ಎಷ್ಟ್ ವರ್ಷ ಆಯ್ತು, ಅದು ಯಾರಿಗಾದ್ರೂ ಗೊತ್ತದ್ಯಾ?"

ಮುಂದಿನ ವಾರ ಅವಳಿಗೆ ಜ್ವರ. ಬೆಳಗಿನಿಂದ ಜಡೆ ಸೋರುತ್ತಲೇ ಇತ್ತು, ಅವಳು ಗಡಗಡ ನಡುಗುತ್ತಿದ್ದಳು. ಊರ ಯಜಮಾನ ಜಟ್ಟಿ ಬಂದು ಚಿಪ್ಪು ನೋಡಿ, "ಈ ಸಲ ಚಲೋ ಮೊದಲೇ ಗೊತ್ತಾಯ್ತು" ಎಂದು ಖುಷಿಪಟ್ಟ. ಅವನು ಅವಳ ಮುಖವನ್ನು ನೋಡಲೇ ಇಲ್ಲ. ನಾನೂ ಹದಿನಾರು ವರ್ಷ ಚಿಪ್ಪನ್ನೇ ನೋಡಿದ್ದೆ ಎಂಬುದು ಆಗ ಹೊಳೆಯಿತು.

ಆ ಸಲ ಏರಿದ ನೀರು ಇಳಿಯತೊಡಗಿದ ಮೇಲೆ, ನಡುಮಧ್ಯಾಹ್ನ ಎಲ್ಲರೆದುರೇ, ಬಳಚು ಬಿಡಿಸುವ ಕತ್ತಿಯಿಂದ ಸಣ್ಣಿಯ ಜಡೆಯನ್ನು ಬುಡದಲ್ಲಿ ಕೊಯ್ದೆ. ಅವಳೇ ಕತ್ತು ಬಗ್ಗಿಸಿ ಕೊಟ್ಟಳು. ಜಡೆ ನೀರಿಗೆ ಬಿದ್ದದ್ದೇ ಹಾವುಮೀನಿನಂತೆ ಮೈ ಹೊರಳಿಸಿ ಇಳಿತದ ಜೊತೆ ಕಡಲಿಗೆ ಈಜಿ ಹೋಯಿತು. ಊರೆಲ್ಲ ನೋಡಿತು.

"ಒಬ್ಬ ತಂಗಿಗಾಗಿ ಊರು ಮುಳುಗಿಸ್ತ್ಯಾ?" ಎಂದು ಜಟ್ಟಿ ಕೂಗಿದ.

"ಅವಳ ಜಾಗಕ್ಕೆ ನಾ ಕೂರ್ತೆ," ಎಂದೆ.

ಸಣ್ಣಿಯನ್ನು ಒಣನಾಡಿನ ಮಡಕೆ ಮಾರುವವರ ದೋಣಿ ಹತ್ತಿಸಿ ಕಟ್ಟೆಯ ಮೇಲೆ ಕುಳಿತೆ. ನನ್ನ ಕೂದಲು ಒಣಗಿದ ಕೂದಲು. ನನಗಿದ್ದದ್ದು ಕಣ್ಣು ಮಾತ್ರ. ಏಡಿಗಳು ಯಾವಾಗ ಕಂಬ ಹತ್ತುತ್ತವೆ, ಕೊಕ್ಕರೆಗಳು ಯಾವಾಗ ಹಾರಿ ಏಳುತ್ತವೆ, ಕೆಸರಿನ ವಾಸನೆ ಯಾವಾಗ ತಿರುಗುತ್ತದೆ ಎಂದು ನೋಡುತ್ತ ಕುಳಿತೆ. ಮೊದಲ ಏರಿಕೆಗೇ ನನ್ನ ಲೆಕ್ಕ ತಪ್ಪಿತು. ಬಾಗಿಲು ಅರ್ಧ ಹಾಕುವಷ್ಟರಲ್ಲಿ ನೀರು ಒಳನುಗ್ಗಿ ಹನ್ನೊಂದು ತೇಲುಗದ್ದೆ ಹರಿದುಹೋದವು, ಜಟ್ಟಿಯ ಮನೆಯೂ ಹೋಯಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಮರುದಿನ ಜಟ್ಟಿ ಬರುವುದನ್ನು ಕಂಡು, ಹೊಡೆಯುತ್ತಾನೆ ಎಂದೇ ಗಟ್ಟಿಯಾಗಿ ಕುಳಿತೆ. ಅವನು ಪಕ್ಕದಲ್ಲಿ ಕುಕ್ಕರಿಸಿದ.

"ನಿನ್ನೆ ಏಡಿ ಎಷ್ಟ್ ಹೊತ್ತಿಗೆ ಹತ್ತಿದ್ವೇ?" ಎಂದು ಕೇಳಿದ.

ಅವನ ಹಿಂದೆ ಅವನ ಸೊಸೆ ಬಂದಳು, ಆಮೇಲೆ ಬಲೆಯವರು, ಮುದುಕಿಯರು. ಕಟ್ಟೆಯ ಮೇಲೆ ಕಾವಲು ಕೂರುವ ಸರದಿ ಶುರುವಾಯಿತು. ಮೂರು ವರ್ಷದಲ್ಲಿ ನೀರು ಓದಲು ಬಾರದವರು ಊರಲ್ಲಿ ಯಾರೂ ಉಳಿಯಲಿಲ್ಲ. ಆಮೇಲೆ ಬಾಗಿಲು ತಡವಾದದ್ದು ಒಂದೇ ಸಲ.

ಆರನೆಯ ವರ್ಷ ಸಣ್ಣಿ ಬಂದಳು. ಕತ್ತು ನೆಟ್ಟಗಾಗಿತ್ತು, ಕಿವಿಯವರೆಗೆ ಕತ್ತರಿಸಿಕೊಂಡ ಒಣ ಕೂದಲು, ಉಗುರುಗಳಲ್ಲಿ ಕೆಂಪು ಮಣ್ಣು. ಒಂದು ಸಂಜೆ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ನನಗೆ ಮಡಕೆ ಸುಡುವ ಆವಿಗೆಯ ವಿಷಯ ಹೇಳುತ್ತಿದ್ದಳು. ಅಲೆಯೊಂದು ಬಂದು ಅವಳ ಕಾಲನ್ನು ಮೊಣಕಾಲವರೆಗೆ ತೋಯಿಸಿತು. ಅವಳು ಕಿರುಚಿ ಹಾರಿ ನಿಂತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಏಳನೆಯ ವಯಸ್ಸಿನಿಂದ ಈಚೆಗೆ ಕಡಲು ಅವಳಿಗೆ ಹೇಳದೆ ಬಂದದ್ದು ಅದೇ ಮೊದಲು.

ದೇವಕಜ್ಜಿ, ನಿಮ್ಮ ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳಿಂದ ಜಡೆ ಒದ್ದೆಯಾಗುವ ಈ ಗುಣ ನಮ್ಮ ಮನೆಗೆ ಇಳಿದು ಬಂದಿದೆ ಎನ್ನುತ್ತಾರೆ. ಒಂದು ದಿನ ಅವಳ ತಲೆ ಸುಮ್ಮನೆ ಒದ್ದೆಯಾದೀತು. ಬಟ್ಟೆ ತಂದು ಒರೆಸಿ. ಕಡಲು ಎಲ್ಲಿಯವರೆಗೆ ಬರುತ್ತದೆ ಎಂದು ಅವಳನ್ನು ಕೇಳುವ ಜನ ಬೇಕಾದಷ್ಟು ಸಿಗುತ್ತಾರೆ. ನೀವು ಮಾತ್ರ, ನಿನಗೆ ಎಲ್ಲಿಗೆ ಹೋಗಬೇಕು ಮಗಾ ಅಂತ ಕೇಳಿ.

ನಿಮ್ಮ ಮನೆಯ ಮೊಮ್ಮಗಳು,
ಬೀರಮ್ಮ