ಬಚ್ಚಲಿನ ಹೂಗಲ್ಲು

ಅಪ್ಪಾ,

ಕುಣಿಯುವಷ್ಟು ಖುಷಿಯಾಗಿದೆ, ಕೇಳು! ನಮ್ಮ ಕಲ್ಲುಗಣಿಯಲ್ಲಿ ಸಿಕ್ಕಿದ್ದ, ಹೂವಿನ ಗುರುತಿದ್ದ ಆ ಕಲ್ಲು ನೆನಪಿದೆಯಾ? "ಇದಕ್ಕೆ ಜೀವ ಇತ್ತು ಮಗಾ, ಗರಗಸ ಹಾಕಬೇಡ" ಅಂದಿದ್ದೆ ನೀನು. "ನಿನಗೆ ಅರಳುಮರಳು" ಎಂದು ನಕ್ಕು, ನಾನು ಎರಡು ಹೋಳು ಮಾಡಿದ್ದೆ. ಒಂದನ್ನು ನೀನು ಹೊತ್ತೊಯ್ದೆ. ಇನ್ನೊಂದನ್ನು ನಾನು ಬಚ್ಚಲಲ್ಲಿ ಬೋರಲು ಹಾಕಿ ಒಗೆಯುವ ಕಲ್ಲು ಮಾಡಿದೆ.

ನೀನು ತೀರಿಹೋದ ಮೇಲೆ ನಿನ್ನ ಹೋಳು ಮಂಚದಡಿ ಸಿಕ್ಕಿತು; ಫೋಟೋ ತೆಗೆದು ಮ್ಯೂಸಿಯಂಗೆ ಕಳಿಸಿದ್ದೆ. ಇವತ್ತು ಅಲ್ಲಿನ ಮೇಡಂ ಮನೆಗೇ ಬಂದು ಎರಡನ್ನೂ ಜೋಡಿಸಿದರು. "ಹೂವಲ್ಲ ಕಣ್ರೀ, ಕಲ್ಲಾಗಿರೋ ಪ್ರಾಣಿ! ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ದಂಟಿನ ಮೇಲೆ ನಿಂತು ತೋಳು ಬೀಸ್ತಿತ್ತು. ಈಗ ಇದರ ಕುಲವೇ ಇಲ್ಲ!" ಎಂದು ಕೂಗಿದರು.

"ಅಯ್ಯಯ್ಯೋ, ಇದರ ಬೆನ್ನ ಮೇಲೆ ಎಷ್ಟು ಚಡ್ಡಿ ಒಗೆದೆನೋ!" ಎಂದಳು ನಿನ್ನ ಸೊಸೆ.

"ಮೊದಲು ಗುರುತಿಸಿದ್ದು ಯಾರು?" ಎಂದು ಮೇಡಂ ಕೇಳಿದರು. ಎದೆಯುಬ್ಬಿಸಿ "ನಮ್ಮಪ್ಪ" ಎಂದೆ. ಬರೆದುಕೊಂಡರು.

ಕೊಯ್ದದ್ದು ಯಾರೆಂದು ಕೇಳಲಿಲ್ಲ.